ಸ್ಟೇರಿಂಗಿನೊಳಗಿನ ಚೀಲ

ದುಬೈಯಲ್ಲಿ ಒಬ್ಬ ಅರಬ ವ್ಯಾಪಾರಿಯ ಗೋದಾಮು ನೋಡಿಕೊಂಡಿದ್ದ ಸವಣೂರಿನ ದಿಲಾವರ, ಎಂಬತ್ತೇಳರ ಚಳಿಗಾಲದಲ್ಲಿ ಊರಿಗೇ ಮರಳಿದ. ಬರುವಾಗ ಮಾಲೀಕ ಕೊಟ್ಟ ಜರ್ಮನ್ ಕಾರನ್ನೂ ಹಡಗಿನಲ್ಲಿ ತಂದ. ಮುಂಬಯಿ ಬಂದರಿನಿಂದ ತಾನೇ ಓಡಿಸಿಕೊಂಡು ಹೊರಟ. ಆ ದೇಶದ ಕಾರು, ಸ್ಟೇರಿಂಗ್ ಎಡಗಡೆ. ಬಲಗಡೆ, ದುಬೈಯಲ್ಲೂ ಜೊತೆಗಿದ್ದ ಹೆಂಡತಿ ಮುಮ್ತಾಜಬೇಗಂ ಕುಳಿತಿದ್ದಳು. ಮುಂದಿನ ಗಾಡಿಯನ್ನು ದಾಟಬೇಕಾದರೆ ಎದುರಿನ ರಸ್ತೆ ಅವನಿಗೆ ಕಾಣುತ್ತಿರಲಿಲ್ಲ. ಅವಳು ಇಣುಕಿ ನೋಡಿ ಹೂಂ ಅನ್ನಬೇಕಿತ್ತು.

ತಡಸ ಹತ್ತಿರ ಬಂದಾಗ ಮುಂದೆ ಹುಲ್ಲು ಹೇರಿದ ಟ್ರ್ಯಾಕ್ಟರೊಂದು ಸಾಗುತ್ತಿತ್ತು. ಊರು ಸಮೀಪಿಸಿದ ಹುರುಪಿನಲ್ಲಿ ದಿಲಾವರ ಅವಳ ಹೂಂಗೆ ಕಾಯದೆ ಕಾರನ್ನು ಬಲಕ್ಕೆಳೆದ. ಎದುರಿಗೆ ಲಾರಿ! ಬ್ರೇಕ್ ತುಳಿದು ಎಡಕ್ಕೆ ತಿರುಗಿಸಿದ. ಕಾರು ಟ್ರ್ಯಾಕ್ಟರಿನ ಹಿಂದಿನಿಂದ ರಸ್ತೆ ಬಿಟ್ಟು, ಅಡ್ಡಡ್ಡ ಜಾರಿ, ಎಡಮಗ್ಗುಲು ಹುಣಸೆಮರಕ್ಕೆ ಅಪ್ಪಳಿಸಿ ನಿಂತಿತು.

ಮುಮ್ತಾಜ ತೆವಳಿಕೊಂಡು ಹೊರಬಂದಳು. ಹಣೆಯಿಂದ ರಕ್ತ ಇಳಿಯುತ್ತಿತ್ತು. ದಿಲಾವರನ ಕಡೆಯ ಬಾಗಿಲು ಮರಕ್ಕೆ ಅಂಟಿಕೊಂಡಿತ್ತು. ಅವನ ಒಂದು ಪಾದ ಕೆಳಗೆಲ್ಲೋ ಸಿಕ್ಕಿತ್ತು. ಸ್ಟೇರಿಂಗ್ ಎದೆಗೆ ಆನಿಕೊಂಡಿತ್ತು.

ಟ್ರ್ಯಾಕ್ಟರ್ ಓಡಿಸುತ್ತಿದ್ದ ತಡಸದ ಉಳವಪ್ಪ ಓಡಿಬಂದ. ಲಾರಿ ನಿಲ್ಲಿಸಿ ಅದರ ಚಾಲಕ ಲಕ್ಕಪ್ಪನೂ ಇಳಿದುಬಂದ. ಉಳವಪ್ಪ ಬಲಬಾಗಿಲಿನಿಂದ ಅರ್ಧ ಒಳಗೆ ನುಗ್ಗಿ, ಸ್ಟೇರಿಂಗನ್ನೇ ಹಿಡಿದು ಜಗ್ಗಲು ಕೈಚಾಚಿದ. ಮುಮ್ತಾಜ ಅವನ ಅಂಗಿ ಹಿಡಿದೆಳೆದಳು.

"ಅಣ್ಣಾರ, ಮುಟ್ಟಬ್ಯಾಡ್ರಿ ಅದನ್ನ!"

"ಯಾಕ್ರೀ ಅಕ್ಕಾರ? ಉಸುರು ಕಟ್ಟಾಕತ್ತೈತಿ ಅವರಿಗೆ."

"ಅದರೊಳಗ ಗಾಳಿಚೀಲ ಐತ್ರಿ. ಡಿಕ್ಕಿ ಆದ್ರ ಮದ್ದು ಹೊತ್ತಿ ಢಮ್ಮಂತ ಉಬ್ಬತೈತಿ. ಮುಂದ ಬಡಿದಿದ್ರ ಆಗಲೇ ಉಬ್ಬತಿತ್ತು. ಮಗ್ಗಲಕ ಬಡಿದೈತಿ, ಅದಕ್ಕ ಹಂಗ ಕುಂತೈತಿ. ಈಗೇನರ ಉಬ್ಬಿದ್ರ ಅವರ ಎದಿ, ನಿಮ್ಮ ಮಾರಿ, ಎರಡೂ ಉಳಿಯಂಗಿಲ್ಲ."

ಕೂಡಿದ್ದ ಜನ ಮದ್ದು ಎಂಬ ಮಾತು ಕೇಳಿ ಹಿಂದೆ ಸರಿದರು. "ತಲಿಗೆ ಪೆಟ್ಟಾಗೇತಿ, ಏನೇನರ ಅನ್ನಾಕತ್ತಾರ" ಎಂದ ಒಬ್ಬ.

ಆಗ ದಿಲಾವರ ಕಣ್ಣು ತೆರೆದ. "ಖರೇ ಐತಿ," ಎಂದ ಕಷ್ಟಪಟ್ಟು. "ಬ್ಯಾಟ್ರಿ ವಾಯರ್ ಬಿಚ್ರಿ. ಕರೆಂಟ್ ಹೋದ್ರ ಉಬ್ಬಂಗಿಲ್ಲ."

ಲಕ್ಕಪ್ಪ ಹಾರೆ ತಂದು ಬಾನೆಟ್ಟಿಗೆ ಹಾಕಿದ. ಅದು ಮರಕ್ಕೆ ಕಚ್ಚಿಕೊಂಡಿತ್ತು, ಮಿಸುಕಲಿಲ್ಲ. ಕೆಳಗೆ ಪೆಟ್ರೋಲು ತೊಟ್ಟಿಕ್ಕುತ್ತಿತ್ತು, ಗ್ಯಾಸಿನ ಬೆಂಕಿಯಿಂದ ತಗಡು ಕತ್ತರಿಸುವ ಮಾತು ಎತ್ತುವಂತೆಯೂ ಇರಲಿಲ್ಲ. ದಿಲಾವರನ ತುಟಿ ಕಪ್ಪಗಾಗುತ್ತಿತ್ತು. ಲಕ್ಕಪ್ಪ ಹಾರೆ ಕೆಳಗಿಟ್ಟು ಮುಮ್ತಾಜಳ ಮುಖ ನೋಡಿದ. ಅವಳು ಕಾರಿನ ಹಿಂದಿನ ಸೀಟು ನೋಡಿದಳು.

"ಹಿಂದಿನಿಂದ ಹೋಗೋಣ್ರಿ. ಇವರು ಕುಂತ ಸೀಟನ್ನ ಹಿಂದಕ ಜಗ್ಗಿದ್ರ?"

ಲಕ್ಕಪ್ಪ ಪಾನಾ ಹಿಡಿದು ಹಿಂದಿನ ಸೀಟಿಗೆ ಹೋಗಿ, ದಿಲಾವರನ ಸೀಟಿನ ಕೆಳಗೆ ಬಾಗಿ ಬೋಲ್ಟು ಬಿಚ್ಚತೊಡಗಿದ. ಮುಮ್ತಾಜ ಅವನ ಪಕ್ಕದಲ್ಲಿ ತೂರಿಕೊಂಡು ಗಂಡನ ಕಂಕುಳಲ್ಲಿ ಕೈಹಾಕಿ ಹಿಡಿದಳು. ಬೋಲ್ಟು ಕಿರ್ರೆಂದಾಗಲೆಲ್ಲ ಅವಳ ಕಣ್ಣು ಸ್ಟೇರಿಂಗಿನ ನಡುವಿನ ಕರಿ ಮುಚ್ಚಳದ ಮೇಲೆ ಹೋಗುತ್ತಿತ್ತು. ಕೊನೆಗೆ ಸೀಟು ಸಡಿಲಾಯಿತು. ಇಬ್ಬರೂ ಜಗ್ಗಿದರು. ಸೀಟು ಒಂದು ಮೊಳ ಹಿಂದೆ ವಾಲಿತು. ದಿಲಾವರ ದೊಡ್ಡದಾಗಿ ಉಸಿರೆಳೆದುಕೊಂಡ, ಅದರ ಬೆನ್ನಿಗೇ ಚೀರಿದ. ಪಾದ ಇನ್ನೂ ಬ್ರೇಕಿನ ಪೆಡಲಿನಡಿ ಸಿಕ್ಕಿತ್ತು.

"ಪೆಡಲಿಗೆ ಹಗ್ಗ ಕಟ್ಟಿದ್ರ ಹೊರಗಿಂದ ಜಗ್ಗಬಹುದು," ಎಂದ ಲಕ್ಕಪ್ಪ. "ಆದ್ರ ಕಟ್ಟಾಂವ ಸ್ಟೇರಿಂಗ್ ಬುಡಕ ಕೈ ಹಾಕಬೇಕು."

ಉಳವಪ್ಪ ಹಗ್ಗ ತಂದಿದ್ದ. ಆದರೆ ಬಾಗಿಲಲ್ಲಿ ನಿಂತುಬಿಟ್ಟ. "ಮನ್ಯಾಗ ಸಣ್ಣ ಹುಡುಗ್ರದಾವ್ರಿ ಅಕ್ಕಾರ."

"ಹಗ್ಗ ಕೊಡ್ರಿ, ನಾ ಕಟ್ಟತೇನಿ," ಎಂದು ಅವಳು ಕೈ ಚಾಚಿದಳು. ಹಣೆಯ ರಕ್ತ ಅವಳ ಕಣ್ಣಿಗಿಳಿಯುತ್ತಿತ್ತು. ಉಳವಪ್ಪ ಅದನ್ನು ನೋಡಿದ. ಹಗ್ಗ ಕೊಡಲಿಲ್ಲ. ಬಲಸೀಟಿನ ಮೇಲೆ ಬೋರಲು ಮಲಗಿ ಒಳಗೆ ಜಾರಿದ.

"ತಲಿ ಎತ್ತಬ್ಯಾಡ್ರಿ ಅಣ್ಣಾರ. ಇನ್ನೂ ಕೆಳಗ, ಇನ್ನೂ ಕೆಳಗ!"

ಅವನು ಗಲ್ಲವನ್ನು ಕಾರಿನ ನೆಲಕ್ಕೊತ್ತಿ, ಕೈಯಳತೆಯಲ್ಲೇ ತಡಕಿ ಗಂಟು ಹಾಕಿದ. ಹೊರಗೆ ನಿಂತವರು ಹಗ್ಗ ಬಿಗಿಹಿಡಿದು ಜಗ್ಗಿದರು. ಪೆಡಲು ಬಾಗಿತು. ಅದರೊಂದಿಗೆ ಸ್ಟೇರಿಂಗಿನ ಕಂಬವೂ ನರಳಿ ಅಲುಗಿತು.

ಬಂದೂಕು ಹಾರಿದಂಥ ಸದ್ದು. ಒಳಗೆಲ್ಲ ಬಿಳಿ ಹೊಗೆ. ಹಗ್ಗ ಬಿಟ್ಟು ಜನ ಹೊಲಕ್ಕೆ ಓಡಿದರು. ಮುಮ್ತಾಜ ಕಣ್ಣುಮುಚ್ಚಿ ಗಂಡನನ್ನು ಮತ್ತಷ್ಟು ತನ್ನೆಡೆಗೆ ಎಳೆದುಕೊಂಡಳು. ಕಾಲು ಬಿಡಿಸಿಕೊಂಡು ಅವನು ಪೂರಾ ಅವಳ ಮೇಲೆ ಬಂದು ಬಿದ್ದ. ಎದೆಗೆ ಏನೂ ತಗಲಿರಲಿಲ್ಲ.

ಲಕ್ಕಪ್ಪ ಮುಂದಿನ ಬಾಗಿಲಿಗೆ ಓಡಿ ಉಳವಪ್ಪನ ಕಾಲು ಹಿಡಿದು ಹೊರಗೆಳೆದ. ಮುಖಕ್ಕೆ ಗಾಯವಿರಲಿಲ್ಲ. ಮುಂಗೈಯ ಚರ್ಮ ಸುಲಿದಿತ್ತು. ಎಲ್ಲರೂ ಏನೇನೋ ಕೇಳುತ್ತಿದ್ದರು. ಅವನು ಬರೀ ಬಾಯಿಗಳನ್ನು ನೋಡುತ್ತಿದ್ದ.

ಲಕ್ಕಪ್ಪನ ಲಾರಿಯಲ್ಲೇ ಇಬ್ಬರನ್ನೂ ಹುಬ್ಬಳ್ಳಿಗೆ ಒಯ್ದರು. ದಿಲಾವರ ಬದುಕಿದ, ಪಾದ ಮಾತ್ರ ಸೊಟ್ಟಾಗಿ ಕೂಡಿತು. ಉಳವಪ್ಪನಿಗೆ ಒಂದು ಕಿವಿ ಮತ್ತೆ ಕೇಳಿಸಿತು, ಇನ್ನೊಂದು ಕೇಳಿಸಲಿಲ್ಲ.

ತಿಂಗಳು ಕಳೆದ ಮೇಲೆ ಮುಮ್ತಾಜ ತಡಸಕ್ಕೆ ಹೋದಳು. ಉಳವಪ್ಪ ಹೊಲದಲ್ಲಿದ್ದ. ಅವನ ಹೆಂಡತಿ ಫಕ್ಕೀರವ್ವ ಬಾಗಿಲಲ್ಲೇ ನಿಂತು ಕೇಳಿದಳು: "ನಿಮ್ಮ ಗಂಡನ್ನ ಉಳಿಸಾಕ ನನ್ನ ಗಂಡನ್ನ ಮದ್ದಿನ ಬುಡಕ ಮಲಗಿಸಿದ್ರೇನ್ರಿ?"



"ಹೌದ್ರಿ," ಎಂದಳು ಮುಮ್ತಾಜ. "ಬ್ಯಾಡ ಅನ್ನಾಕ ಆಗಲಿಲ್ಲ ನನಗ."

ಫಕ್ಕೀರವ್ವ ಬಾಗಿಲು ಬಿಟ್ಟು ಸರಿದು, ಚಹಾಕ್ಕೆ ನೀರಿಡಲು ಒಳಗೆ ಹೋದಳು.