ಸಖುಬಾಯಿಯ ಹಳೆಯ ನಂಬರು

“ಎಂಟ ದಿನದ ಕೂಸಿನ ಹಲ್ಲ ಹ್ಯಾಂಗ ಉದುರ್ತಾವ?” ಬೊಚ್ಚು ಬಾಯಿಯ ಸಖುಬಾಯಿ ಯಾರನ್ನೂ ನೋಡದೆ ತಿರುಗುವ ಫ್ಯಾನನ್ನು ಕೇಳಿದಳು.

ಚಿದ್ರಿಯಲ್ಲಿರುವ ನಮ್ಮ ಕುರಿಗಾರರ ಸಂಘದ ಕಚೇರಿಯಲ್ಲಿ ಯಾರೂ ನಗಲಿಲ್ಲ. ಆ ಬರದ ವರ್ಷ ಔರಾದ ತಾಲ್ಲೂಕಿನಲ್ಲಿ ಬಾವಿಗಳು ಬತ್ತಿ, ಅವಳು ಇಪ್ಪತ್ತೆರಡು ಕುರಿ ಹೊಡೆದುಕೊಂಡು ಪಕ್ಕದ ಭಾಲ್ಕಿ ತಾಲ್ಲೂಕಿಗೆ ಹೋಗಿದ್ದಳು. ಅಲ್ಲಿ ಸಂಘದ ಮೇವಿನ ಡಿಪೋದ ಗುಮಾಸ್ತ ಬಕ್ಕಪ್ಪ ಕಂಪ್ಯೂಟರು ನೋಡಿ, “ನೀ ಸದಸ್ಯಳಾಗಿ ಎಂಟ ದಿನ ಆಗ್ಯಾದ. ವರ್ಷ ತುಂಬಿದವರಿಗಷ್ಟೇ ಮೇವು,” ಎಂದು ಕಳಿಸಿದ್ದ. ಸಂಘದಲ್ಲಿ ಅವಳಿಗೆ ಹನ್ನೊಂದು ವರ್ಷವಾಗಿತ್ತು.

ತಪ್ಪು ನನ್ನದು. ಸದಸ್ಯರ ನಂಬರು ಕಟ್ಟಿದವನೇ ನಾನು: ಮೊದಲು ತಾಲ್ಲೂಕಿನ ಅಕ್ಷರ, ಆಮೇಲೆ ಊರು, ಆಮೇಲೆ ಮನೆ. ನಂಬರು ಹೇಳಿದರೆ ಸಾಕು, ಮುಂಜಾನೆ ಹಾಡುವ ಅಭಂಗದಷ್ಟು ಸಲೀಸಾಗಿ ಮನೆತನ ಹೇಳುತ್ತಿದ್ದೆ. ಯಾರಾದರೂ ತಾಲ್ಲೂಕು ಬಿಟ್ಟರೆ ಸದಸ್ಯರ ಪಟ್ಟಿಯಿಂದ ಅವರ ಹೆಸರಿನ ಸಾಲು ಅಳಿಸಿ, ಕಾರ್ಡು ಹರಿದು, ಹೊಸ ನಂಬರು ಕೊಡುವುದು ನನ್ನ ರೂಢಿ. ಹಿಂದೆ ವರ್ಷಕ್ಕೊಬ್ಬರು ಹಾಗೆ ಬರುತ್ತಿದ್ದರು. ಆ ವರ್ಷ ನಾಲ್ಕುನೂರು ಮನೆಯವರು. ಎಂಟು ದಿನದ ಹಿಂದೆ ಸಖುಬಾಯಿಗೂ ಹಾಗೇ ಹೊಸ ನಂಬರು ಕೊಟ್ಟಿದ್ದೆ.

ಇದನ್ನು ಕಂಡುಹಿಡಿದವಳು ಜಾಹೇದಾ. ಹೊಸ ಪ್ರೋಗ್ರಾಮು ಬರೆಯಲು ಸಂಘ ಅವಳನ್ನು ಕರೆಸಿತ್ತು. ಅವಳ ಪ್ರೋಗ್ರಾಮು ನನ್ನ ಹಳೆಯ ಕೋಷ್ಟಕದ ಒಂದೊಂದು ಸಾಲನ್ನೂ ಒಬ್ಬೊಬ್ಬ ಮನುಷ್ಯನೆಂದು ಓದುತ್ತದೆ. ನಂಬರು ಬದಲಾದರೆ ಬೇರೆ ಮನುಷ್ಯನೆನ್ನುತ್ತದೆ. ಅದಕ್ಕೇ ಅವಳು ಎಲ್ಲರಿಗೂ ಎಂದೂ ಬದಲಾಗದ, ಏನೂ ಅರ್ಥವಿಲ್ಲದ ಒಳನಂಬರು ಹಚ್ಚುತ್ತಿದ್ದಳು: ಒಂದು, ಎರಡು, ಮೂರು. ನನ್ನ ನಂಬರು ವಿಳಾಸದ ಪಕ್ಕಕ್ಕೆ ಸರಿದಿತ್ತು.

“ಗೋರಖನಾಥರ, ಸ್ವಲ್ಪ ಸರೀರಿ, ಜಾಹೇದಾಗ ಕುರ್ಚಿ ಕೊಡ್ರಿ,” ಎಂದರು ನನಗೆ ಕಾರ್ಯದರ್ಶಿ ಶಾಂತಾಬಾಯಿ. ಇಪ್ಪತ್ತು ವರ್ಷ ಎಲ್ಲದಕ್ಕೂ ನನ್ನನ್ನೇ ಕೇಳಿದವರು. ಚಹಾ ಮೊದಲು ಅವಳಿಗೆ ಹೋಯಿತು. ನನಗೆ ಬಂದದ್ದು ಕೆನೆಗಟ್ಟಿದ ಲೋಟ.

“ಹನ್ನೊಂದ ವರ್ಷದ ದಾಖಲಿ ಎಲ್ಲಾ ಅದಾವ್ರಿ,” ಎಂದಳು ಜಾಹೇದಾ. “ಆದ್ರ ಬರೇ ಹಳಿ ನಂಬರಿನ ಮ್ಯಾಲ ಅದಾವ, ವಾರಸುದಾರರ ಹೆಸರಿಲ್ಲ. ಇಂಥಾ ಸಾಲು ಸಾವಿರಾರು ಬಿದ್ದಾವ. ಇವರ ಹಳಿ ನಂಬರ ಸಿಕ್ಕರ ಜೋಡಸ್ತೇನಿ. ಕಾಕಾ, ನಿಮಗ ನೆನಪದ ಏನ್ರಿ?”

ನೆನಪಿತ್ತು.

“ಇಲ್ಲವಾ,” ಎಂದೆ.

ಮಧ್ಯಾಹ್ನದವರೆಗೆ ಅವಳು ಹುಡುಕಿದಳು. ಅವಳ ಹುಬ್ಬು ಗಂಟಿಕ್ಕಿದಾಗಲೆಲ್ಲ ನನಗೆ ತಂಪಾಗುತ್ತಿತ್ತು. ಆದರೆ ಅರ್ಧಕ್ಕೆ ನಿಲ್ಲಿಸಿದ ಪದ್ಯದ ಹಾಗೆ ಆ ನಂಬರು ನನ್ನ ನಾಲಿಗೆಯ ತುದಿಯಲ್ಲೇ ಕಾಡುತ್ತಿತ್ತು.

ಸಖುಬಾಯಿ ಸೆರಗು ಕೊಡವಿ ಎದ್ದಳು. “ಇರ್ಲಿ ಬಿಡ್ರಿ, ಭಾಲ್ಕಿ ಬಸ್ಸಿನ ಹೊತ್ತಾತು. ಎರಡ ಕುರಿ ನಿನ್ನಿಯಿಂದ ಏಳವಲ್ಲವು.”

“ಔ, ಹದಿನಾಲ್ಕು, ಮೂವತ್ತೇಳು,” ಎಂದುಬಿಟ್ಟೆ.

ಜಾಹೇದಾ ನನ್ನನ್ನು ಒಂದು ಗಳಿಗೆ ನೋಡಿದಳು. ನಂಬರು ಒತ್ತಿದಳು. ಹನ್ನೊಂದು ವರ್ಷ ಒಂದೇ ಹೆಸರಿನ ಕೆಳಗೆ ಬಂದು ನಿಂತವು. ಫೋನಿನಲ್ಲಿ ಬಕ್ಕಪ್ಪ, “ಕಳಸ್ರಿ, ಇವತ್ತೇ ಕೊಡ್ತೇನಿ,” ಎಂದ.

ಸಖುಬಾಯಿ ಜಾಹೇದಾಳ ಕೆನ್ನೆ ಸವರಿ, ದೃಷ್ಟಿಯಾಗದ ಹಾಗೆ ಲಟಿಕೆ ಮುರಿದಳು. “ನಿನ್ನ ಹೊಟ್ಟಿ ತಣ್ಣಗಿರ್ಲಿ ಯವ್ವಾ.” ನಂಬರು ಹೇಳಿದವನು ಪಕ್ಕದಲ್ಲೇ ಕೂತಿದ್ದೆ. ನನ್ನತ್ತ ತಿರುಗಲೂ ಇಲ್ಲ, ಬಸ್ಸಿಗೆ ಓಡಿದಳು.

ಶಾಂತಾಬಾಯಿ ಒಳಗೆ ಹೋಗುವುದನ್ನೇ ಕಾದು, ಕುರ್ಚಿ ಜಾಹೇದಾಳ ಹತ್ತಿರಕ್ಕೆ ಎಳೆದೆ.

“ಬೇಟಾ, ನಿನ್ನ ಒಳನಂಬರಿನ ಮುಂದ ನನ್ನ ತಾಲ್ಲೂಕಿನ ಅಕ್ಷರ ಒಂದಾದ್ರೂ ಇಡು. ಯಾರಿಗೂ ಕಾಣಂಗಿಲ್ಲ. ನನಗಷ್ಟ ಗೊತ್ತಿರ್ತದ.”

“ಮಳಿ ಬಂದ್ರ ಅವರು ಮತ್ತ ಔರಾದಕ್ಕ ಹೊಳ್ಳಿ ಹೋಗ್ತಾರ, ಕಾಕಾ,” ಎಂದಳು ಅವಳು, ಕೀಲಿಮಣೆಯಿಂದ ಕೈ ತೆಗೆಯದೆ. “ಆಗ ಅಕ್ಷರ ಮತ್ತ ಬದ್ಲಾಗ್ತದ. ಇಲ್ರಿ. ಒಂದ ಅಕ್ಷರನೂ ಇಡಂಗಿಲ್ಲ.”