ಕೇಳಿದ್ದಕ್ಕೆ ಎರಡು ಅಂಕ

“ದಾರ ಬಿಚ್ಚು ಅಂದ್ನಲ್ಲ, ಕಿವಿನೂ ಕೆಟ್ಟಿದೆಯಾ? ನಿನ್ನ ಹತ್ರ ಇರೋ ಆಸ್ತಿನ ಯಾರೂ ಬರೆಸ್ಕೊಂಡು ಹೋಗಲ್ಲ.”

ದೊಡ್ಡ ಡಾಕ್ಟರು ಇದನ್ನು ಹೇಳಿದ್ದು ಒಂಬತ್ತನೇ ಬೆಡ್ಡಿನವಳಿಗೆ. ಹೇಳುವಾಗ ನೋಡುತ್ತಿದ್ದುದು ಬೆನ್ನ ಹಿಂದೆ ನಿಂತಿದ್ದ ಇಪ್ಪತ್ತೆರಡು ವಿದ್ಯಾರ್ಥಿಗಳನ್ನು. ವಿದ್ಯಾರ್ಥಿಗಳು ನಕ್ಕರು. ನಗಬೇಕೆಂದು ಪಠ್ಯದಲ್ಲಿ ಇರಲಿಲ್ಲ, ಆದರೆ ಹಾಜರಿ ಪುಸ್ತಕ ದೊಡ್ಡ ಡಾಕ್ಟರ ಕೈಯಲ್ಲಿತ್ತು.

ಅವಳು ಆಸ್ಪತ್ರೆಯ ಅಂಗಿಯ ದಾರ ಬಿಚ್ಚಿದಳು. ಮೂರು ದಾರಗಳಿರಬೇಕಾದ ಅಂಗಿಗೆ ಒಂದೇ ದಾರವಿತ್ತು. ಬೆಡ್ಡಿನ ಸುತ್ತ ಪರದೆಯ ಕಂಬಿ ಇತ್ತು, ಪರದೆ ಇರಲಿಲ್ಲ. ಎದುರು ಬೆಡ್ಡಿನವಳನ್ನು ನೋಡಲು ಬಂದಿದ್ದ ಗಂಡಸರಿಬ್ಬರು ಗೋಡೆಯ ಕಡೆ ತಿರುಗಿಕೊಂಡರು.

“ಎಡಕ್ಕೆ ಹೊರಳು. ಹಾಂ. ಕೇಳ್ರಿ ಒಬ್ಬೊಬ್ಬರೇ. ಇಂಥ ಸದ್ದು ಹತ್ತು ವರ್ಷಕ್ಕೊಂದು ಸಿಗತ್ತೆ. ಚಿನ್ನದಂಥ ಕೇಸು!”

ಇಪ್ಪತ್ತೆರಡು ಸ್ಟೆತಾಸ್ಕೋಪುಗಳು ಒಂದಾದ ಮೇಲೊಂದು ತಣ್ಣಗೆ ಎದೆಗೆ ತಾಗಿದವು. ಹನ್ನೊಂದನೆಯವನ ಹೊತ್ತಿಗೆ ಅವಳಿಗೆ ಕೆಮ್ಮು ಬಂತು.

“ಕೆಮ್ಮಬೇಡ, ಸದ್ದು ಕೆಡತ್ತೆ,” ಎಂದರು ದೊಡ್ಡ ಡಾಕ್ಟರು.

ಅವಳು ಕಟ್ಟಡದ ಕೆಲಸದಲ್ಲಿ ಇಟ್ಟಿಗೆ ಹೊರುವವಳು. ಸಲಕ್ಕೆ ಹನ್ನೆರಡು ಇಟ್ಟಿಗೆ, ಮೂರನೇ ಮಹಡಿಗೆ. ಆರು ತಿಂಗಳಿಂದ ಮೊದಲನೇ ಮಹಡಿಯಲ್ಲೇ ಉಸಿರು ಕಟ್ಟುತ್ತಿತ್ತು. ಹೃದಯದ ಒಂದು ಕವಾಟ ಕಿರಿದಾಗಿದೆ, ತೊಡೆಯ ರಕ್ತನಾಳದಿಂದ ಬಲೂನು ಕಳಿಸಿ ಅಗಲ ಮಾಡಬಹುದು, ತಡ ಮಾಡಿದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ ಎಂದು ಸೇರಿಸಿಕೊಂಡ ದಿನ ಹೇಳಿದ್ದರು. ಕೇಸ್ ಶೀಟಿನ ಮೇಲೆ ‘ಹನ್ನೊಂದನೇ ತಾರೀಕು’ ಎಂದು ಬರೆದಿದ್ದರು. ಹನ್ನೊಂದರಂದು ಬೆಳಗ್ಗೆಯಿಂದ ಹೊಟ್ಟೆಗೆ ನೀರೂ ಕೊಡದೆ ಮಲಗಿಸಿ, ಮಧ್ಯಾಹ್ನ ಸಿಸ್ಟರ್ ಬಂದು ಆ ತಾರೀಕನ್ನು ಹೊಡೆದುಹಾಕಿ ‘ಇಪ್ಪತ್ತಾರು’ ಎಂದು ಬರೆದರು.

“ಮಿಷನ್ ಕೆಟ್ಟಿದೆ.”

ಮಾರನೆಯ ದಿನ ನಾಲ್ಕನೇ ಬೆಡ್ಡಿನವಳಿಗೆ ಅದೇ ಬಲೂನು ಹಾಕಿದರು.

“ಅಲ್ರೀ ಸಿಸ್ಟರಮ್ಮ, ಕೆಟ್ಟಿರೋ ಮಿಷನ್ನು ಅವಳಿಗೆ ಹೆಂಗೆ ಓಡ್ತು?” ಎಂದು ಕೇಳಿದಳು ಅತ್ತೆ. ಸೊಸೆಯ ಬೆಡ್ಡಿನ ಕೆಳಗೇ ಮಲಗಿ ಎದ್ದು ನೋಡಿಕೊಳ್ಳುತ್ತಿದ್ದವಳು ಅವಳು.

“ಅದನ್ನೆಲ್ಲಾ ದೊಡ್ಡೋರನ್ನ ಕೇಳಿ.”

ಉತ್ತರ ಕೊಟ್ಟಿದ್ದು ನೆಲ ಒರೆಸುತ್ತಿದ್ದ ಆಯಾ. “ಅಯ್ಯೋ ಹುಚ್ಚಿ, ಮಿಷನ್ನಿಗೇನಾಗಿದೆ? ಗುಂಡುಕಲ್ಲಿನ ಹಾಗಿದೆ. ಇಪ್ಪತ್ನಾಲ್ಕು, ಇಪ್ಪತ್ತೈದು ಹುಡುಗರ ಪರೀಕ್ಷೆ. ಬಲೂನು ಹಾಕಿದ್ರೆ ನಿನ್ನ ಸೊಸೆ ಎದೆ ಸದ್ದು ಹೋಗತ್ತೆ. ಆಮೇಲೆ ಅವರೇನು ಕೇಳ್ಬೇಕು, ನಿನ್ನ ಗೊರಕೆನಾ? ನಾಲ್ಕನೆಯವಳ ಸದ್ದು ಪಿಸುಪಿಸು ಅಂತಿತ್ತು, ಪರೀಕ್ಷೆಗೆ ಬರ್ತಿರಲಿಲ್ಲ. ಬದುಕ್ಕೊಂಡ್ಳು.”

“ಮೊದಲೂ ಹಿಂಗೆ ಮಾಡಿದಾರಾ?”

“ಹೋದ ಸಲ ಆ ಮೂಲೆ ಬೆಡ್ಡಲ್ಲಿ ಒಬ್ಬಳಿದ್ಲು. ಅವಳದ್ದೂ ಒಳ್ಳೆ ಕೇಸು. ಹುಡುಗರೆಲ್ಲಾ ಪಾಸಾದ್ರು.”

“ಅವಳು?”

ಆಯಾ ಬಟ್ಟೆ ಹಿಂಡಿಕೊಂಡು ಮುಂದಿನ ಬೆಡ್ಡಿನ ಅಡಿಗೆ ಬಗ್ಗಿದಳು.

ಅತ್ತೆ ದೊಡ್ಡ ಡಾಕ್ಟರನ್ನು ಕಾರಿಡಾರಿನಲ್ಲಿ ಹಿಡಿದಳು.

“ಸ್ವಾಮಿ, ನಮ್ಮ ಸೊಸೆಗೆ ಮಲಗೋಕೇ ಆಗ್ತಿಲ್ಲ. ಮಲಗಿದ್ರೆ ಉಸಿರು ನಿಲ್ಲತ್ತೆ, ಕೂತೇ ಇರ್ತಾಳೆ.”

“ಯಾವ ಸೊಸೆ?”

“ಒಂಬತ್ತನೇ ಬೆಡ್ಡು.”

“ಓಹೋ, ನಮ್ಮ ಕೇಸು!” ಅವರ ಮುಖ ಅರಳಿತು. “ಬಿಟ್ಟಿ ಊಟ, ಬಿಟ್ಟಿ ಬೆಡ್ಡು. ಎರಡು ವಾರ ಕೂತಿರೋಕೆ ಏನಮ್ಮಾ ಕಷ್ಟ? ಅವಳಿಂದ ನಾಳೆ ನೂರು ಜನ ಡಾಕ್ಟರಾಗ್ತಾರೆ, ಪುಣ್ಯ ಬರತ್ತೆ. ಬೇಡ ಅಂದ್ರೆ ಬರೆದುಕೊಟ್ಟು ಕರ್ಕೊಂಡು ಹೋಗಿ. ಸೇರ್ಕೊಳ್ಳುವಾಗ ಹೆಬ್ಬೆಟ್ಟು ಒತ್ತಿದ್ದಾಳಲ್ಲ, ಎಲ್ಲದಕ್ಕೂ ಒಪ್ಪಿಗೆ ಅಂತ?”

“ಎಲ್ಲದಕ್ಕೂ ಅಂದ್ರೆ ಯಾವುದಕ್ಕೆ?”

“ಅದರಲ್ಲೇ ಬರ್ದಿದೆ.”

ಅವರ ತಲೆಯ ಮೇಲೆ ‘ರೋಗಿಗಳ ಹಕ್ಕುಗಳು’ ಎಂಬ ಫಲಕವಿತ್ತು. ಏಳನೇ ಹಕ್ಕಿನವರೆಗೆ ಓದಬಹುದಿತ್ತು. ಉಳಿದವುಗಳ ಮುಂದೆ ಹಳೆಯ ಕಡತಗಳ ಬೀರು ನಿಂತಿತ್ತು.

“ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ,” ಎಂದು ಅತ್ತೆ ವಾರ್ಡಿಗೆ ಬಂದು ಕುಕ್ಕರಿಸಿದಳು. “ಬೋಳಿಮಕ್ಳು, ಪುಣ್ಯ ಬೇರೆ ಹಂಚ್ತಾರೆ.”

ಸಂಜೆ ಹೊತ್ತು ವಿದ್ಯಾರ್ಥಿಗಳು ಬಂದು ಅಭ್ಯಾಸ ಮಾಡುತ್ತಿದ್ದರು. ಅವರಲ್ಲಿ ಕನ್ನಡಕದ ಹುಡುಗಿಯೊಬ್ಬಳು ದಿನವೂ ಬೆಡ್ಡಿನ ಪಕ್ಕ ನಿಂತು, ಗೋಡೆ ನೋಡುತ್ತಾ, ಕಂಠಪಾಠ ಒಪ್ಪಿಸುವವಳಂತೆ ಹೇಳುತ್ತಿದ್ದಳು: “ಅಮ್ಮಾ, ನಿಮ್ಮನ್ನು ಪರೀಕ್ಷಿಸಲು ನಿಮ್ಮ ಒಪ್ಪಿಗೆ ಇದೆಯೇ?” ಹೇಳಿ ಮುಗಿಯುವ ಮೊದಲೇ ಕೈ ದಾರದ ಮೇಲೆ ಇರುತ್ತಿತ್ತು.

“ಯಾರನ್ನ ಕೇಳ್ತಿದೀರಾ, ಡಾಕ್ಟರಮ್ಮ? ಗೋಡೆನಾ?” ಎಂದಳು ಒಂಬತ್ತನೇ ಬೆಡ್ಡಿನವಳು ಒಂದು ದಿನ.

ಹುಡುಗಿ ನಾಚಿದಳು. “ಪರೀಕ್ಷೇಲಿ ಇದನ್ನ ಹೇಳಲೇಬೇಕು. ಕೇಳಿದ್ದಕ್ಕೆ ಎರಡು ಮಾರ್ಕ್ಸು. ಮರೆತ್ರೆ ಹೋಯ್ತು.”

“ನಾವು ಬೇಡ ಅಂದ್ರೆ?”

“ಹಾಗೆ ಯಾರೂ ಅಂದಿಲ್ವಲ್ಲ.”

ಒಂಬತ್ತನೇ ಬೆಡ್ಡಿನವಳು ಅಂಗಿಯ ಒಂಟಿ ದಾರವನ್ನು ಬೆರಳಿಗೆ ಸುತ್ತಿ ನೋಡಿದಳು. ಆಮೇಲೆ ಅತ್ತೆಯನ್ನು ಕರೆದು, “ಸೂಜಿ ಎಲ್ಲಾದ್ರೂ ಸಿಗತ್ತಾ ನೋಡು ಅತ್ತೆ,” ಎಂದಳು.

ಇಪ್ಪತ್ನಾಲ್ಕರಂದು ಬೆಳಗ್ಗೆ ಅವಳನ್ನು ಗಾಲಿಕುರ್ಚಿಯಲ್ಲಿ ಪರೀಕ್ಷೆಯ ಕೋಣೆಗೆ ತಂದರು. ಅಲ್ಲಿ ಕೂರಿಸಿದ ಬೆಡ್ಡಿಗೆ ಹೊಸ ಪರದೆ ಇತ್ತು. ಬೇರೆ ಕಾಲೇಜಿನಿಂದ ಬಂದ ಪರೀಕ್ಷಕರು ಅಂಕಪಟ್ಟಿ ಹಿಡಿದು ಕುಳಿತಿದ್ದರು. ಆ ದಿನ ಅವಳ ಪಾಲಿಗೆ ಆರು ವಿದ್ಯಾರ್ಥಿಗಳು, ಒಬ್ಬೊಬ್ಬರಿಗೆ ಹತ್ತು ನಿಮಿಷ. ಗಂಟೆ ಹೊಡೆಯಿತು. ಮೊದಲು ಬಂದವಳು ಕನ್ನಡಕದ ಹುಡುಗಿ.

“ಅಮ್ಮಾ, ನಿಮ್ಮನ್ನು ಪರೀಕ್ಷಿಸಲು ನಿಮ್ಮ ಒಪ್ಪಿಗೆ ಇದೆಯೇ?”

ಪರೀಕ್ಷಕರು ಎರಡು ಅಂಕ ಹಾಕಿದರು.

“ಇಲ್ಲ.”

ಹುಡುಗಿಯ ಕೈ ಆಗಲೇ ಅಂಗಿಯವರೆಗೆ ಹೋಗಿತ್ತು. ಅಲ್ಲಿ ಮೂರು ದಾರಗಳಿದ್ದವು. ಎರಡು ಹೊಸವು, ಹಳೆ ಬಟ್ಟೆಯಂಚಿನಿಂದ ಹರಿದು ಹೊಲಿದವು. ಮೂರಕ್ಕೂ ಇಟ್ಟಿಗೆ ಹೊರೆಗೆ ಹಾಕುವಂಥ ಗಂಟು.

“ಏನಂದ್ರಿ?”

“ಇಲ್ಲ ಅಂದೆ, ಡಾಕ್ಟರಮ್ಮ. ನಿಮ್ಮ ಮೇಲೆ ಸಿಟ್ಟಿಲ್ಲ.”

ಬಾಗಿಲಲ್ಲಿದ್ದ ದೊಡ್ಡ ಡಾಕ್ಟರು ಎರಡೇ ಹೆಜ್ಜೆಗೆ ಬೆಡ್ಡಿನ ಬಳಿ ಬಂದರು. ಪರೀಕ್ಷಕರಿಗೆ ಕೇಳಿಸದಂತೆ ಹಲ್ಲು ಕಡಿದರು. “ಏನೇ ಕೊಬ್ಬು ನಿಂದು, ದರಿದ್ರ ಮುಂಡೇದೇ! ಈಗಲೇ ಡಿಸ್ಚಾರ್ಜ್ ಬರೆದು ಹೊರಗೆ ಹಾಕಿಸ್ತೀನಿ.”

“ಹಾಕಿಸಿ ಸ್ವಾಮಿ,” ಎಂದಳು ಅವಳು, ಪರೀಕ್ಷಕರಿಗೂ ಕೇಳಿಸುವಂತೆ. “ಸದ್ದು ನನ್ನ ಜೊತೇನೇ ಬರತ್ತೆ.”

“ಯಾಕಮ್ಮಾ ಬೇಡ?” ಎಂದರು ಪರೀಕ್ಷಕರು.

“ಹನ್ನೊಂದಕ್ಕೆ ಬಲೂನು ಹಾಕ್ತೀವಿ ಅಂದಿದ್ರು. ನಿಮಗೆ ಕೇಳಿಸ್ಲಿ ಅಂತ ಉಳಿಸಿಟ್ಟಿದಾರೆ.”

“ಮಿಷನ್ ತೊಂದರೆ ಇತ್ತು ಸರ್,” ಎಂದರು ದೊಡ್ಡ ಡಾಕ್ಟರು.

“ಹೌದು, ಕೆಟ್ಟಿರೋ ಮಿಷನ್ನು ಇಲ್ಲೇ ಇದೆ,” ಎಂದು ಅವಳು ಎದೆ ಮುಟ್ಟಿ ತೋರಿಸಿದಳು. ಅಷ್ಟು ಮಾತಿಗೇ ಏದುಸಿರು ಬಂತು.

ಪರೀಕ್ಷಕರು ಗಡಿಯಾರ ನೋಡಿದರು. “ಬೇರೆ ಕೇಸು?”

“ಇಂಥದ್ದಿಲ್ಲ ಸರ್.”

“ನಿಯಮ ಏನು ಹೇಳತ್ತೆ?”

ಒಪ್ಪಿಗೆ ಕೇಳಬೇಕು ಎಂದಷ್ಟೇ ನಿಯಮ ಹೇಳುತ್ತಿತ್ತು. ಅಂಕಪಟ್ಟಿಯಲ್ಲಿ ಕೇಳಿದ್ದಕ್ಕೆ ಒಂದು ಕಾಲಂ ಇತ್ತು, ಉತ್ತರಕ್ಕೆ ಕಾಲಂ ಇರಲಿಲ್ಲ. ಪರೀಕ್ಷಕರು ಹುಡುಗಿಯ ಕಡೆ ತಿರುಗಿದರು. “ನೀವು ಕಂಡದ್ದು ಹೇಳಿ.”

ಹುಡುಗಿ ಸ್ಟೆತಾಸ್ಕೋಪನ್ನು ಕಿವಿಯಿಂದ ತೆಗೆದಳು. “ರೋಗಿಗೆ ಒಪ್ಪಿಗೆ ಇಲ್ಲ ಸರ್,” ಎಂದಳು. ಇಪ್ಪತ್ತಕ್ಕೆ ಎರಡು ಅಂಕ ತೆಗೆದುಕೊಂಡು ಹೊರಗೆ ಹೋದಳು.

ದೊಡ್ಡ ಡಾಕ್ಟರು ಕೇಸ್ ಶೀಟು ಎಳೆದುಕೊಂಡು, ‘ಇಪ್ಪತ್ತಾರ’ನ್ನು ಹೊಡೆದುಹಾಕಿದರು. ಹೊರಗೆ ಇನ್ನೂ ಐದು ಜನ ಕಾಯುತ್ತಿದ್ದರು. “ಎಷ್ಟನೇ ತಾರೀಕು ಬೇಕೇ ನಿಂಗೆ?”

“ಇವತ್ತೆಷ್ಟು?”

“ಇಪ್ಪತ್ನಾಲ್ಕು.”

“ಅದನ್ನೇ ಬರೀರಿ. ಈ ಸಾಹೇಬ್ರ ಮುಂದೆ ಬರೀರಿ.”

ಗಂಟೆ ಹೊಡೆಯಿತು. ಎರಡನೆಯವನು ಒಳಗೆ ಬಂದ. ಏನು ನಡೆದಿದೆ ಎಂದು ಅವನಿಗೆ ಗೊತ್ತಿರಲಿಲ್ಲ. ಗೋಡೆ ನೋಡುತ್ತಾ ಒಪ್ಪಿಸಿದ: “ಅಮ್ಮಾ, ನಿಮ್ಮನ್ನು ಪರೀಕ್ಷಿಸಲು ನಿಮ್ಮ ಒಪ್ಪಿಗೆ ಇದೆಯೇ?”

ಅವಳ ಉಸಿರಿನ ಗೊರಗೊರ ಸ್ಟೆತಾಸ್ಕೋಪಿಲ್ಲದೆ ಬಾಗಿಲವರೆಗೂ ಕೇಳುತ್ತಿತ್ತು. ಅವಳು ಹುಡುಗನನ್ನು ನೋಡಲಿಲ್ಲ. ದೊಡ್ಡ ಡಾಕ್ಟರ ಪೆನ್ನನ್ನು ನೋಡುತ್ತಿದ್ದಳು. ಪೆನ್ನು ಕಾಗದದ ಮೇಲೆ ಊರಿತ್ತು, ಇನ್ನೂ ಬರೆದಿರಲಿಲ್ಲ.

“ಇಲ್ಲ,” ಎಂದಳು.

ಪರೀಕ್ಷಕರು ಎರಡು ಅಂಕ ಹಾಕಿದರು.