ಒಲೆಯ ಪಕ್ಕದ ಬೂಟು

ಎಲ್ಲರ ಸ್ಕೀ ಬೂಟುಗಳೂ ಬಾಗಿಲ ಹತ್ತಿರ ಸಾಲಾಗಿದ್ದವು. ಅಪ್ಪನದು ಮಾತ್ರ ಸೀಮೆಎಣ್ಣೆ ಒಲೆಯ ಪಕ್ಕದಲ್ಲಿತ್ತು. ಕೈಗವಸುಗಳನ್ನು ಜೊತೆ ಮಾಡುತ್ತಾ ನಾನು ಅದನ್ನೇ ನೋಡುತ್ತಿದ್ದೆ.

"ಚಿನಾಮಿ, ಕೈ ಬೆಚ್ಚಗಿಡೋ ಪೊಟ್ಟಣ ಎಲ್ಲಿಟ್ಟೆ?" ಅಮ್ಮ ಅಡುಗೆಮನೆಯಿಂದ ಕೂಗಿದಳು.

"ಚೀಲದಲ್ಲಿದೆ."

"ಯಾವ ಚೀಲ? ಹೆಜ್ಜೆಗೊಂದು ಚೀಲ ಬಿದ್ದಿದೆ. ಸ್ಕೀ ಮಾಡೋಕೆ ಹೋಗ್ತಿದ್ದೀವೋ, ಮನೆ ಖಾಲಿ ಮಾಡ್ತಿದ್ದೀವೋ?"

ಮಿಫುಯು ಎದ್ದಾಗಿನಿಂದ ಹೆಲ್ಮೆಟ್ ತೆಗೆದಿರಲಿಲ್ಲ. ಮಿಸೊ ಸಾರನ್ನೂ ಹೆಲ್ಮೆಟ್ ಹಾಕಿಕೊಂಡೇ ಕುಡಿದಳು. ನಮ್ಮಣ್ಣ ಯಾಸುತಾಕಾನ ಮಗಳು, ನಾಲ್ಕು ವರ್ಷ. ಇವತ್ತು ಮೊದಲ ಸಲ ಬೆಟ್ಟದ ಮೇಲಿನಿಂದ ಇಳಿಯುವವಳು, ಅದೂ ತಾತನ ಕಾಲುಗಳ ನಡುವೆ ನಿಂತು. ಅಣ್ಣನೂ ನಾನೂ ಕಲಿತದ್ದು ಹಾಗೆಯೇ. ಒಮ್ಮೆ ನಾನು ಜಾರಿ ಬದಿಯ ಹಳ್ಳದ ಕಡೆಗೆ ಹೋದಾಗ ಅಪ್ಪ ಬಲಗೈಯಿಂದ ಕೊರಳಪಟ್ಟಿ ಹಿಡಿದು ಒಂದೇ ಎಳೆತಕ್ಕೆ ಮೇಲೆತ್ತಿದ್ದರು.

ಹಿಂದಿನ ವರ್ಷ ಸೇಬಿನ ತೋಟದಲ್ಲಿ ಅಪ್ಪನಿಗೆ ಲಕ್ವ ಹೊಡೆಯಿತು. ಕಾಲು ಸರಿಹೋಯಿತು. ಬಲಗೈ ಚೇತರಿಕೆ ಅರ್ಧಕ್ಕೇ ನಿಂತಿತು. ಆದರೂ ಮೊಮ್ಮಗಳನ್ನು ತಾವೇ ಇಳಿಸಬೇಕೆಂದು ಹಟ ಹಿಡಿದಾಗ ಅಮ್ಮ ಒಂದು ಷರತ್ತು ಹಾಕಿದ್ದಳು. "ನಿಮ್ಮ ಬೂಟು ನೀವೇ ಹಾಕ್ಕೊಂಡು ತೋರಿಸಿ. ಬೂಟಿನ ಬಾಯಿ ಬಿಡಿಸೋ ಕೈ ಮಗೂನೂ ಹಿಡಿಯುತ್ತೆ. ಆಗದಿದ್ರೆ ನನ್ನ ಜೊತೆ ಬೆಟ್ಟದ ಕೆಳಗೆ ಕ್ಯಾಂಟೀನಲ್ಲಿ ಕೂತು ಕರಿ ರೈಸ್ ತಿನ್ನಿ."

ಅಮ್ಮ ದಕ್ಷಿಣ ಜಪಾನಿನ ಕೋಚಿಯವಳು, ಕಡಲಿನ ಊರು. ಇಷ್ಟು ವರ್ಷ ಈ ಹಿಮದಲ್ಲಿದ್ದರೂ ಒಮ್ಮೆಯೂ ಸ್ಕೀ ಬೂಟಿಗೆ ಕಾಲಿಟ್ಟವಳಲ್ಲ. ಬೂಟನ್ನು ಒಲೆಯ ಹತ್ತಿರ ಇಡುವುದು ನಾತ ಹೋಗಲಿ ಅಂತ ಅವಳು ತಿಳಿದಿದ್ದಳು. ಚಳಿಯಲ್ಲಿ ಕಲ್ಲಿನಂತೆ ಬಿಗಿಯುವ ಬೂಟು ಒಲೆಯ ಮುಂದೆ ರಬ್ಬರಿನಷ್ಟು ಮೆತ್ತಗಾಗುತ್ತದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅಣ್ಣನಿಗೆ ಗೊತ್ತಿತ್ತು. ಆದರೆ ಅವನು ಹೊರಗೆ ಕಾರಿನ ಸುತ್ತ ಹಿಮ ತೆಗೆಯುತ್ತಿದ್ದ.

"ಬನ್ನಿ, ಪರೀಕ್ಷೆ ಶುರು," ಅಪ್ಪ ಬೂಟು ತಂದು ಬಾಗಿಲ ಮೆಟ್ಟಿಲ ಮೇಲೆ ಕೂತರು. ಅಮ್ಮ ಕೈ ಒರೆಸಿಕೊಳ್ಳುತ್ತಾ ಬಂದಳು. ಅಪ್ಪ ಎಡಗೈಯಿಂದ ಬೂಟಿನ ಬಾಯಿ ಎಳೆದರು. ಕಾಲು ಸಲೀಸಾಗಿ ಇಳಿಯಿತು. ಕೊನೆಯ ಬಕಲಿನ ಮೇಲೆ ಬಲ ಹೆಬ್ಬೆರಳು ಜಾರಿದಾಗ ಅಂಗೈಯಿಂದ ಅದುಮಿ ಹಾಕಿಬಿಟ್ಟರು. ಮಿಫುಯು ಚಪ್ಪಾಳೆ ತಟ್ಟಿದಳು.

"ತಾತ ಪಾಸು!"

"ಆಯ್ತು ಮಾರಾಯ್ರೆ, ಸೋತೆ," ಅಮ್ಮ ನಕ್ಕಳು. "ಮುಖ ನೋಡು ಮುಖ, ಮದುವೆ ದಿನಾನೂ ಇಷ್ಟು ಬೀಗಿರಲಿಲ್ಲ."

ನಾನು ಕಟ್ಟಿದ ಚೀಲವನ್ನು ಬಿಚ್ಚಿದೆ. ಸ್ಕೀ ಕನ್ನಡಕಗಳನ್ನು ತೆಗೆದು ಮತ್ತೆ ಅಲ್ಲೇ ಇಟ್ಟೆ. ಥರ್ಮಾಸಿನ ಮುಚ್ಚಳವನ್ನು ಎಷ್ಟು ಸಲ ಬಿಗಿ ಮಾಡಿದೆನೋ. ಹೇಳಲೇ? ಅಮ್ಮನ ಹತ್ತಿರ ಹೋಗಿ ನಿಂತೆ. ಅವಳು ಒನಿಗಿರಿ ಅನ್ನದುಂಡೆಗಳಿಗೆ ಕಡಲಪಾಚಿ ಸುತ್ತುತ್ತಾ ಹಾಡು ಗುನುಗುತ್ತಿದ್ದಳು. ವಾಪಸು ಬಂದೆ.

ಅಪ್ಪ ಬೂಟು ಬಿಚ್ಚಿಟ್ಟಿದ್ದರು. "ಚಿನಾಮಿ, ಇದನ್ನ ಕಾರಿನೊಳಗಿಡು. ಮುಂದುಗಡೆ, ಹೀಟರ್ ಹತ್ತಿರ," ಎಂದರು, ನನ್ನ ಮುಖ ನೋಡದೆ.

ಹೊರಗೆ ಉಸಿರು ಮೂಗಿನಲ್ಲೇ ಗಟ್ಟಿಯಾಗುವಂಥ ಚಳಿ. ಅಣ್ಣ ಸ್ಟೂಲಿನ ಮೇಲೆ ನಿಂತು ಕಾರಿನ ತಲೆಯ ಮೇಲಿನ ಪೆಟ್ಟಿಗೆಗೆ ಸ್ಕೀಗಳನ್ನು ಜೋಡಿಸುತ್ತಿದ್ದ.

"ಇನ್ನೇನಾದ್ರೂ ಇದ್ಯಾ? ಮುಚ್ಚಿಬಿಡ್ತೀನಿ."

ನಾನು ನಿಂತೇ ಇದ್ದೆ. ಬೂಟು ಇನ್ನೂ ಬೆಚ್ಚಗಿತ್ತು.

"ಏನೇ, ಅಲ್ಲೇ ಮರಗಟ್ಟಿಹೋದ್ಯಾ?"

"ಇದು," ಎಂದು ಬೂಟನ್ನು ಎತ್ತಿ ಕೊಟ್ಟೆ.

"ಅಪ್ಪಂದು ಒಳಗಿಡಲ್ವಾ? ಅಲ್ಲಿ ಹೋಗೋಷ್ಟರಲ್ಲಿ ಕಲ್ಲಾಗಿರುತ್ತೆ."

"ಮೇಲೇ ಇಡು."

ತಿರುಗಿದರೆ ಅಪ್ಪ ಬಾಗಿಲಲ್ಲಿ ನಿಂತಿದ್ದರು. ಪೆಟ್ಟಿಗೆ ಮುಚ್ಚಿತು.

ದಾರಿಯ ಎರಡೂ ಕಡೆ ಹಿಮದ ಗೋಡೆ. ಮುಂದಿನ ಸೀಟಿನಲ್ಲಿ ಅಪ್ಪನ ಬರೀ ಕಾಲ್ಚೀಲಕ್ಕೆ ಹೀಟರಿನ ಗಾಳಿ ಬೀಸುತ್ತಿತ್ತು. ಅಮ್ಮ ಒನಿಗಿರಿ ಹಂಚಿದಳು. ನಾನು ನನ್ನದನ್ನು ಒಂದು ಕೈಯಿಂದ ಇನ್ನೊಂದಕ್ಕೆ ಹಾಕುತ್ತಾ ಕೂತೆ. "ತಾತ ಪಾಸು, ತಾತ ಪಾಸು," ಎಂದು ಮಿಫುಯು ಸೀಟು ಒದೆಯುತ್ತಿದ್ದಳು.

ಸುರಂಗ ದಾಟಿದ ಮೇಲೆ ಅಪ್ಪ ಬಾಯಿಬಿಟ್ಟರು.

"ಬೂಟು ಬಿಸಿ ಮಾಡಿದ್ದೆ ಕಣೇ."

"ಮಾಡಿದ್ರೆ ಏನೀಗ?" ಎಂದಳು ಅಮ್ಮ.

"ಬಿಸಿಯಾದ್ರೆ ಮೆತ್ತಗಾಗುತ್ತೆ. ಯಾರಾದ್ರೂ ಹಾಕ್ಕೋಬಹುದು. ತಣ್ಣಗಿದ್ರೆ ನನ್ನ ಕೈಲಿ ಆಗಲ್ಲ. ಮೊನ್ನೆ ನೀನು ಅಂಗಡಿಗೆ ಹೋದಾಗ ಹಾಕಿ ನೋಡಿದೆ."

ಅಮ್ಮನ ಕೈ ಡಬ್ಬಿಯ ಮೇಲೆ ನಿಂತಿತು. "ಹಂಗಾದ್ರೆ ಅದು ನಾತಕ್ಕಲ್ವಾ? ಇಷ್ಟು ವರ್ಷ ನಿಮ್ಮ ಕಾಲು ನಾರುತ್ತೆ ಅಂತ ನೆರೆಯವರಿಗೆಲ್ಲ ಹೇಳ್ಕೊಂಡು ಬಂದಿದ್ದೀನಲ್ರೀ!"

ಅಣ್ಣ ಕಿಸಕ್ಕನೆ ನಕ್ಕು ತಕ್ಷಣ ಬಾಯಿ ಮುಚ್ಚಿದ. ಅಮ್ಮ ನಗಲಿಲ್ಲ.

"ಮೋಸ ಮಾಡಿದ್ರಿ."

"ಮಾಡಿದೆ."

"ತಾತ ಫೇಲಾ?" ಮಿಫುಯು ಕೇಳಿದಳು.

"ಫೇಲು ಕಣೇ ಪುಟ್ಟಿ," ಅಪ್ಪ ಹೇಳಿದರು.

"ಹಾಗಾದ್ರೆ ನನ್ನನ್ನ ಯಾರು ಹಿಡ್ಕೋತಾರೆ? ಅಪ್ಪ ಜೋರಾಗಿ ಹೋಗಿಬಿಡ್ತಾನೆ!"

"ಚಿನಾಮಿ ಅತ್ತೆ ಹಿಡ್ಕೋತಾಳೆ."

"ಅತ್ತೆ ಮಾತೇ ಆಡಲ್ಲ. ಬೀಳಿಸಿದ್ರೆ?"

"ಬೀಳಿಸಲ್ಲ," ಎಂದರು ಅಪ್ಪ. ನನ್ನ ಕಡೆ ತಿರುಗಲಿಲ್ಲ. ಅಣ್ಣನಿಗೆ, "ಹೀಟರ್ ಆರಿಸು, ಸೆಕೆ," ಎಂದರು.

ಮಿಫುಯು ನನ್ನ ಕೈ ಎಳೆದುಕೊಂಡು ಒಂದೊಂದೇ ಬೆರಳನ್ನು ಅಮುಕಿ ನೋಡತೊಡಗಿದಳು. ಹೆಬ್ಬೆರಳಿಗೆ ಬಂದಾಗ ನಾನು ಅವಳ ಕೈಯನ್ನು ಬಿಗಿಯಾಗಿ ಹಿಡಿದೆ.

"ಅಯ್ಯೋ, ನೋವಾಗುತ್ತೆ!" ಎಂದಳು. ಸಡಿಲ ಮಾಡಿದೆ. ಬಿಡಲಿಲ್ಲ.